ನಾಲಿಗೆಯಡಿಯ ಮಾತ್ರೆ ನಶೆಯಲ್ಲ, ಔಷಧಿ



ವಿಜಯನಗರದ ಓದುಗ ಸಹೋದರಿಯೊಬ್ಬರ ಪತ್ರ ನನ್ನ ಮುಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ 22 ವರ್ಷದ ಮಗ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದಿದ್ದ. ಈಗ ಚಿಕಿತ್ಸೆಯಲ್ಲಿದ್ದಾನೆ. ವೈದ್ಯರು ಕೊಟ್ಟ ಮಾತ್ರೆಯನ್ನು ದಿನವೂ ನಾಲಿಗೆಯಡಿ ಇಟ್ಟುಕೊಳ್ಳುತ್ತಾನೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಆದರೆ ಮನೆಯ ಹಿರಿಯರು, "ಒಂದು ನಶೆ ಬಿಟ್ಟು ಇನ್ನೊಂದು ಹಿಡಿದಿದ್ದಾನೆ. ರಮಝಾನ್ ಬರುವುದರೊಳಗೆ ನಿಲ್ಲಿಸಿಬಿಡು" ಎನ್ನುತ್ತಿದ್ದಾರಂತೆ. ನಿಲ್ಲಿಸಲೇ ಎಂದು ಆ ತಾಯಿ ಕೇಳಿದ್ದಾರೆ.

ನಿಲ್ಲಿಸಬೇಡಿ, ಸಹೋದರಿ. ಏಕೆಂದು ಹೇಳುತ್ತೇನೆ.

ಅಫೀಮು, ಹೆರಾಯಿನ್ ಮಾತ್ರವಲ್ಲ, ಟ್ರಮಡಾಲ್, ಟಪೆಂಟಡಾಲ್‌ನಂತಹ ನೋವಿನ ಮಾತ್ರೆಗಳೂ ಇದೇ ಗುಂಪಿಗೆ ಸೇರಿದವು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಇಂತಹ ವಸ್ತುಗಳಿಂದಾಗಿ ನೆರವಿನ ಅಗತ್ಯವಿರುವವರು ಸುಮಾರು 77 ಲಕ್ಷ. ಆದ್ದರಿಂದ ಈ ಸಂಕಟ ನಿಮ್ಮ ಮನೆಯೊಂದರದೇ ಅಲ್ಲ.

ಈ ಚಟ ಹತ್ತಿದ ಮೇಲೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಒಂದು ದಿನ ಸಿಗದಿದ್ದರೆ ಮೈಕೈ ಸೆಳೆತ, ವಾಂತಿ, ಭೇದಿ, ಕಣ್ಣು ಮೂಗಿನಲ್ಲಿ ನೀರು. ರಾತ್ರಿಯಿಡೀ ನಿದ್ದೆಯಿಲ್ಲ. ನಿಮ್ಮ ಮಗ ಸುಖಕ್ಕಾಗಿ ಅಲ್ಲ, ಈ ಯಾತನೆ ತಾಳಲಾರದೆ ಮತ್ತೆ ಮತ್ತೆ ಅದರತ್ತ ಹೋಗುತ್ತಿದ್ದ.

ನಾಲಿಗೆಯಡಿ ಇಡುವ ಆ ಮಾತ್ರೆಯ ಹೆಸರು ಬ್ಯುಪ್ರೆನಾರ್ಫಿನ್. ಮಿದುಳಿನಲ್ಲಿ ನಶೆಯ ವಸ್ತು ಕೂರುತ್ತಿದ್ದ ಜಾಗದಲ್ಲೇ ಇದು ಹೋಗಿ ಕೂರುತ್ತದೆ. ಆದರೆ ಪೂರ್ತಿ ಕೆಲಸ ಮಾಡುವುದಿಲ್ಲ. ಯಾತನೆ ಅಡಗುತ್ತದೆ, ಹಂಬಲ ಇಳಿಯುತ್ತದೆ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡವನಿಗೆ ಅಮಲೇರುವುದಿಲ್ಲ. ಇದರ ಜೊತೆ ನಾಲೊಕ್ಸೋನ್ ಎಂಬ ಇನ್ನೊಂದು ಔಷಧಿಯನ್ನೂ ಸೇರಿಸಿರುತ್ತಾರೆ. ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಳ್ಳಬಾರದೆಂದೇ ಈ ಏರ್ಪಾಡು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬ್ಯುಪ್ರೆನಾರ್ಫಿನ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಹಠಾತ್ತಾಗಿ ನಿಲ್ಲಿಸಿದರೆ ಏನಾಗುತ್ತದೆ? ಹಂಬಲ ಮರಳುತ್ತದೆ. ಬಿಟ್ಟು ಹಲವು ದಿನಗಳಾದ ದೇಹಕ್ಕೆ ಮೊದಲಿನ ತಾಳಿಕೆ ಇರುವುದಿಲ್ಲ. ಹಳೆಯ ಲೆಕ್ಕದಲ್ಲೇ ನಶೆ ಮಾಡಿದ ಹುಡುಗನ ಉಸಿರೇ ನಿಂತುಹೋಗಬಹುದು. ಮಗನನ್ನು ಉಳಿಸಲೆಂದು ಹಿರಿಯರು ಹೇಳಿದ ಮಾತೇ ಅವನ ಜೀವಕ್ಕೆ ಕುತ್ತಾಗಬಾರದಲ್ಲ!

ಬುದ್ಧಿಯನ್ನು ಮಂಕಾಗಿಸುವ ನಶೆ ಹರಾಮ್. ಇದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರೂ ನಮ್ಮ ಪ್ರವಾದಿ(ಸ)ಯವರೇ. ಹಿರಿಯರಿಗೆ ಸಂಶಯವಿದ್ದರೆ ವಿದ್ವಾಂಸರನ್ನು ಕೇಳಲಿ, ಕೇಳುವಾಗ ವೈದ್ಯರ ಚೀಟಿಯನ್ನೂ ತೋರಿಸಲಿ. ಇನ್ನು ಉಪವಾಸದ ಮಾತು. ಈ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ ಕೊಡುತ್ತಾರೆ. ರಮಝಾನ್‌ಗೆ ಮೊದಲೇ ವೈದ್ಯರನ್ನು ಕಂಡು, ಇಫ್ತಾರ್‌ನ ನಂತರಕ್ಕೋ ಸಹರಿಯ ಹೊತ್ತಿಗೋ ಸಮಯ ಬದಲಿಸಬಹುದೇ ಎಂದು ಕೇಳಿ. ನೀವಾಗಿಯೇ ಬದಲಿಸಬೇಡಿ.

ಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದ ದಿನ ಮಗನ ಕೂಲಿ ಹೋಗುತ್ತದೆ, ಫೋನಿನಲ್ಲೇ ಮಾತ್ರೆ ಬರೆದುಕೊಡಬಾರದೇ? ಕೆಂಗೇರಿ, ಬಸವೇಶ್ವರನಗರದಿಂದ ಅಲ್ಲಿಗೆ ಹೋಗಿಬರುವ ಎಲ್ಲರ ಕಷ್ಟವೂ ಇದೇ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ನಮ್ಮ ಸರಕಾರ ದೂರವೈದ್ಯ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿತು. ಫೋನ್, ವೀಡಿಯೊ ಮೂಲಕ ವೈದ್ಯರನ್ನು ಕಾಣುವುದು ಆಗ ಅಧಿಕೃತವಾಯಿತು. ಆದರೆ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿಗಳನ್ನು ಹಾಗೆ ಬರೆದುಕೊಡಬಾರದೆಂದು ಅದೇ ಮಾರ್ಗಸೂಚಿ ಹೇಳಿತು. ಬ್ಯುಪ್ರೆನಾರ್ಫಿನ್ ಆ ಪಟ್ಟಿಯಲ್ಲಿದೆ. ಅದೇ ವರ್ಷ ಅಮೆರಿಕದಲ್ಲಿ ಫೋನಿನಲ್ಲೇ ಇದನ್ನು ಆರಂಭಿಸಲು ಅವಕಾಶ ಕೊಟ್ಟರು, ನಮ್ಮಲ್ಲಿ ಕೊಡಲಿಲ್ಲ. ಹಾಗಾಗಿ ವಾಟ್ಸಾಪ್‌ನಲ್ಲಿ ಈ ಮಾತ್ರೆ ಕಳಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಹಾಗೆಂದು ಫೋನ್ ನಿಷ್ಪ್ರಯೋಜಕವಲ್ಲ. ಆಪ್ತಸಲಹೆ, ಮನೆಯವರಿಗೆ ಮಾರ್ಗದರ್ಶನ ಫೋನಿನಲ್ಲೂ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಶೆಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮುಂದಿನ ಭೇಟಿಯಲ್ಲಿ ವೈದ್ಯರನ್ನೇ ಕೇಳಿ: ನಡುವಿನ ಯಾವ ಮಾತುಕತೆ ಫೋನಿನಲ್ಲಿ ಆಗಬಹುದು, ಯಾವುದಕ್ಕೆ ಬರಲೇಬೇಕು ಎಂದು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಂತುಹೋಗುವುದು ಇಷ್ಟನ್ನು ಕೇಳದೆ ಇದ್ದುದರಿಂದಲೇ.

ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು. ಮಾತ್ರೆಯನ್ನು ಬೀರುವಿನಲ್ಲಿ ಬೀಗ ಹಾಕಿಡಿ. ಮಕ್ಕಳ ಕೈಗೆ ಸಿಕ್ಕರೆ ಪ್ರಾಣಾಪಾಯ. ಅದು ಪೂರ್ತಿ ಕರಗುವವರೆಗೆ ಅವನು ನುಂಗಬಾರದು, ನೀರನ್ನೂ ಕುಡಿಯಬಾರದು. ಕರಗಿದ ಮೇಲೆ ಒಂದು ಗುಟುಕು ನೀರನ್ನು ಬಾಯೆಲ್ಲ ಆಡಿಸಿ ನುಂಗಲಿ, ಒಂದು ಗಂಟೆ ಬಿಟ್ಟು ಹಲ್ಲುಜ್ಜಲಿ. ಜೊತೆಗೆ ನಿದ್ದೆಮಾತ್ರೆ, ಮದ್ಯ ಸೇರಿದರೆ ಉಸಿರಿಗೇ ಅಪಾಯ. ಎಂದಾದರೂ ಜಾರಿದರೆ ಬೈಯುವ ಮೊದಲು ವೈದ್ಯರಿಗೆ ತಿಳಿಸಿ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವವರ ಕೈಗೆ ಮಗನನ್ನು ಒಪ್ಪಿಸಬೇಡಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಚಿಕಿತ್ಸೆಯ ಗುಟ್ಟು ಕಾಪಾಡುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ.

ಎಷ್ಟು ದಿನ ಎಂದು ಕೇಳುತ್ತೀರಿ. ತಿಂಗಳುಗಳಾಗಬಹುದು, ವರ್ಷಗಳೂ ಆಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಅತ್ತೆಯನ್ನು ಯಾವಾಗ ಬಿಡುತ್ತೀರಿ ಎಂದು ನಾವು ಕೇಳುವುದಿಲ್ಲವಲ್ಲ! ನಿಲ್ಲಿಸುವ ಕಾಲ ಬಂದಾಗ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ.

ಸಹೋದರಿ, ನಿಮ್ಮ ಮಗ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದಾನೆ ಎಂದು ನೀವೇ ಬರೆದಿದ್ದೀರಿ. ಹಿರಿಯರಿಗೆ ಅದನ್ನೇ ತೋರಿಸಿ. ಈ ರಮಝಾನ್‌ನಲ್ಲಿ ಅವನು ನಿಮ್ಮೊಂದಿಗೆ ಇಫ್ತಾರ್‌ಗೆ ಕುಳಿತುಕೊಳ್ಳಲಿ. ನಿಮ್ಮ ದುಆ ಮುಂದುವರಿಯಲಿ, ಅವನ ಔಷಧಿಯೂ ಮುಂದುವರಿಯಲಿ. ಅಲ್ಲಾಹನು ಅವನಿಗೂ ಇಂತಹ ಎಲ್ಲ ಮಕ್ಕಳಿಗೂ ಶಿಫಾ ಕರುಣಿಸಲಿ. ಆಮೀನ್.