ಊಟಕ್ಕೆ ಮುಂಚಿನ ತುತ್ತು

ನೆಂಟರು ಬಂದು ಕೂತಿದ್ದಾರೆ, ಊಟಕ್ಕಿನ್ನೂ ಹೊತ್ತಿದೆ. ಅಂಥ ಹೊತ್ತಿಗೆಂದೇ ಯುರೋಪಿನವರು ಒಂದು ಸುಲಭದ ತಿನಿಸು ಕಂಡುಕೊಂಡಿದ್ದಾರೆ. ಬ್ರೆಡ್ಡಿನ ಚಿಕ್ಕ ಚೂರುಗಳನ್ನು ಗರಿಗರಿಯಾಗಿ ಸುಟ್ಟು, ಬೆಣ್ಣೆ ಸವರಿ, ಹೊಗೆಯಾಡಿಸಿದ ಮೀನಿನ ತೆಳು ಎಸಳಿಟ್ಟು ನಿಂಬೆ ಹಿಂಡಿದರೆ ಮುಗಿಯಿತು. ಫ್ರೆಂಚರು ಇದನ್ನು ಕನಾಪೆ ಅನ್ನುತ್ತಾರೆ. ಡೇನರು ರೈ ಬ್ರೆಡ್ಡಿನ ಮೇಲೆ ಹೊಟ್ಟೆ ತುಂಬುವಷ್ಟು ಪೇರಿಸಿ ಮಧ್ಯಾಹ್ನದ ಊಟವನ್ನೇ ಮಾಡಿಬಿಡುತ್ತಾರೆ. ಮೀನಿಗೆ ಉಪ್ಪೂ ಹೊಗೆಯೂ ಮೊದಲೇ ಹಿಡಿದಿವೆ, ಬ್ರೆಡ್ಡನ್ನು ಬೇಕರಿಯವನು ಬೇಯಿಸಿದ್ದಾನೆ. ಮನೆಯವರ ಪಾಲಿಗೆ ಉಳಿಯುವುದು ಜೋಡಿಸುವ ಕೆಲಸ.

ಇದನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಾಡಹೊರಟರೆ ಮೊದಲ ತೊಡಕು ಹೊಗೆಮೀನಿನದೇ. ನಮ್ಮ ಸಂತೆಗಳಲ್ಲಿ ಅದನ್ನು ಕಂಡವರಿಲ್ಲ. ಯಾಕೆಂದು ತಿಳಿಯಲು ಏಪ್ರಿಲ್ ತಿಂಗಳಲ್ಲಿ ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಮೀನಿಗೆ ಹೊಗೆ ಹಾಕುವುದು ಬಿಸಿಲನ್ನು ನಂಬಲಾಗದ ಊರುಗಳ ವಿದ್ಯೆ. ಸ್ಕಾಟ್ಲೆಂಡಿನಂಥ ಕಡೆಯ ತೇವದ ಹವೆಯಲ್ಲಿ ಮೀನು ಒಣಗುವ ಮೊದಲೇ ಕೆಡುತ್ತದೆ. ಹೊಗೆಯಲ್ಲಿರುವ ಫೀನಾಲ್‌ನಂಥ ವಸ್ತುಗಳು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ಮೀನಿನ ಎಣ್ಣೆ ಕಮಟಾಗದಂತೆ ಕಾಯುತ್ತವೆ. ನಮ್ಮ ಮಲೆನಾಡಿನಲ್ಲೂ ಆಷಾಢದ ಜಡಿಮಳೆಯಲ್ಲಿ ಹಿಡಿದ ಮೀನಿಗೆ ಒಲೆಯ ಮೇಲಿನ ಹೊಗೆಯೇ ಗತಿ. ಲಕ್ಷದ್ವೀಪದವರು ಎರಡನ್ನೂ ಬಿಡದೆ ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಹಾಕಿ, ಆಮೇಲೆ ಬಿಸಿಲಿಗಿಟ್ಟು ಕೊರಡಿನಂಥ ‘ಮಾಸ್’ ಮಾಡುತ್ತಾರೆ. (ಆ ದ್ವೀಪಗಳಲ್ಲಿ ಅಮಿನಿ, ಕಡಮತ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಾಸ್ ನಮಗೆ ಅಷ್ಟೇನೂ ದೂರದ್ದಲ್ಲ.) ಆದರೆ ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ಹಲಗೆ ಹಾಸಿ 2,050 ಮೆಗಾವಾಟ್ ವಿದ್ಯುತ್ ತೆಗೆಯುವ ಬಿಸಿಲಿರುವಾಗ, ಮೀನು ಕಾಪಾಡಲು ಯಾರು ಸೌದೆ ಸುಟ್ಟಾರು?

ಹಾಗಾಗಿ ನಮ್ಮದು ಕರಿಮೀನು, ಅಂದರೆ ಒಣಮೀನು. ಕರಾವಳಿಯಲ್ಲಿ ಉಪ್ಪು ಹಾಕಿ ಒಣಗಿಸಿದ್ದು ಘಟ್ಟ ಹತ್ತಿ ಬಂದು ಸಂತೆಯ ಕೊನೆಯಲ್ಲಿ, ತರಕಾರಿಯವರಿಂದ ಮಾರು ದೂರದಲ್ಲಿ ಕೂರುತ್ತದೆ. ಕೆರೆಗಳಲ್ಲಿ ಮೀನಿಲ್ಲವೆಂದಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಿಗೆ ಬಂದು ಮರಿ ಮಾಡುವ ಬಣ್ಣದ ಕೊಕ್ಕರೆಗಳು ಮತ್ತೇನು ತಿಂದು ಬದುಕುತ್ತವೆ? ಹೇಮಾವತಿ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹರಿದ ವರ್ಷ ಕಾಟ್ಲಾ, ಗೆಂಡೆಗಳೂ ಉಂಟು. ಆದರೆ ಕೆರೆಮೀನು ಕೆರೆಯಷ್ಟೇ ಚಂಚಲ. ವರ್ಷವಿಡೀ ಅಟ್ಟದ ಮೇಲಿನ ಡಬ್ಬದಲ್ಲಿ ಕಾದಿದ್ದು ನೆಂಟರಿಗೆ ಒದಗುವುದು ಒಣಮೀನೇ.

ಹೊಗೆ ನಮ್ಮಲ್ಲೂ ಬರುತ್ತದೆ, ತಿನ್ನುವ ಗಳಿಗೆಯಲ್ಲಿ. ಒಣ ಬಂಗುಡೆಯ ತಲೆ, ರೆಕ್ಕೆ ತೆಗೆದು, ಉಪ್ಪು ಹೆಚ್ಚೆನಿಸಿದರೆ ಬಿಸಿನೀರಲ್ಲಿ ಒಂದಿಷ್ಟು ಹೊತ್ತು ನೆನೆಸಿ, ಒರೆಸಿ, ಕೆಂಡದ ಮೇಲೆ ಹಾಕಬೇಕು. ಅದು ಎಣ್ಣೆಯ ಮೀನು. ಎಣ್ಣೆ ತೊಟ್ಟಿಕ್ಕಿ ಕೆಂಡಕ್ಕೆ ಬಿದ್ದಾಗ ಏಳುವ ಹೊಗೆಯೇ ಮತ್ತೆ ಮೀನಿಗಂಟಿ, ಸ್ಕಾಟ್ಲೆಂಡಿನವರು ಗಂಟೆಗಟ್ಟಲೆ ಕಾಯುವ ಪರಿಮಳ ನಾಲ್ಕೈದು ನಿಮಿಷದಲ್ಲಿ ಸಿಗುತ್ತದೆ. ಅಕ್ಕಪಕ್ಕದವರಿಗೂ ಸಿಗುತ್ತದೆ. ಆದ್ದರಿಂದ ಇದು ಹಿತ್ತಲಲ್ಲಿ, ನೆಂಟರು ಬರುವ ಮೊದಲೇ ಮಾಡಿ ಮುಗಿಸುವ ಕೆಲಸ. ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಮನೆಯ ಪರದೆಗಳು ಯುಗಾದಿಯವರೆಗೂ ನೆನಪಿಟ್ಟುಕೊಳ್ಳುತ್ತವೆ.

ಇನ್ನು ಬ್ರೆಡ್ಡು. ಅದಕ್ಕೆ ಬಸ್‌ಸ್ಟ್ಯಾಂಡ್ ಬಳಿಯ ಅಯ್ಯಂಗಾರ್ ಬೇಕರಿಯಿದೆ. ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ಮೇಲೆ, ಆ ಕಸುಬು ಹಬ್ಬಿ ತಾಲ್ಲೂಕು ಕೇಂದ್ರಗಳಿಗೆಲ್ಲ ಬಂತು. ಮೊಟ್ಟೆಯನ್ನೂ ಮುಟ್ಟದ ಆ ಮನೆತನಗಳೇ ಕಾದ ಹೆಂಚಿನ ಮೇಲೆ ಬ್ರೆಡ್ ಹುರಿದು, ಈರುಳ್ಳಿ, ಕ್ಯಾರೆಟ್ಟು, ಟೊಮೇಟೊ ಪಲ್ಯ ಹೇರುವ ಖಾರದ ಟೋಸ್ಟನ್ನು ನಮಗೆ ಅಭ್ಯಾಸ ಮಾಡಿಸಿದವು. ಪಲ್ಯದ ಜಾಗದಲ್ಲಿ ನಾವು ಮೀನಿಡುತ್ತೇವೆ, ಇಷ್ಟೇ ವ್ಯತ್ಯಾಸ. ಬೇಕರಿಯವರ ಎದುರು ಇದನ್ನು ಹೇಳದಿರುವುದು ಒಳ್ಳೆಯದು.

ನಿನ್ನೆಯ ಬ್ರೆಡ್ಡಾದರೆ ಉತ್ತಮ. ನಾಲ್ಕು ತುಂಡು ಮಾಡಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಎರಡೂ ಬದಿ ಹುರಿಯಬೇಕು. ಒಳಗಿನ ತೇವ ಹೋಗದಿದ್ದರೆ ಮೇಲಿಟ್ಟಿದ್ದನ್ನೆಲ್ಲ ಹೀರಿ ಮೆತ್ತಗಾಗುತ್ತದೆ. ಬೆಣ್ಣೆ ಹಚ್ಚುವುದೂ ರುಚಿಗಷ್ಟೇ ಅಲ್ಲ, ಜಿಡ್ಡು ನೀರನ್ನು ತಡೆಯುತ್ತದೆ. ನಮ್ಮಲ್ಲಿ ಆ ಕೆಲಸಕ್ಕೆ ಪಾವಗಡದ ಕಡಲೆಕಾಯಿ ಉಂಟು. ಹುರಿದ ಬೀಜ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಗಟ್ಟಿಯಾಗಿ ರುಬ್ಬಿದ ಚಟ್ನಿ ಸವರಿದರೆ ಬೆಣ್ಣೆಯ ನೆನಪಾಗದು. ಸುಟ್ಟ ಮೀನಿನ ಮುಳ್ಳು ಬಿಡಿಸಿ, ಕೈಯಲ್ಲಿ ಪುಡಿಮಾಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೇರಿಸಿ ನಿಂಬೆ ಹಿಂಡಿ. ಉಪ್ಪಿನ ಮಾತೇ ಬೇಡ. ಟೋಸ್ಟಿನ ಮೇಲಿಡುವುದು ತಟ್ಟೆ ಹೊರಗೆ ಹೋಗುವಾಗ. ಬ್ರೆಡ್ ಬೇಡವೆನ್ನುವವರು ತೆಳುವಾಗಿ ತಟ್ಟಿದ ರಾಗಿರೊಟ್ಟಿಯನ್ನು ಗರಿಗರಿ ಮಾಡಿ ಮುರಿದಿಟ್ಟುಕೊಳ್ಳಬಹುದು. ನನ್ನ ಮತ ಅದಕ್ಕೇ.

ಇಷ್ಟಾದರೂ ಒಂದು ಇರುಸುಮುರುಸು ಉಳಿಯುತ್ತದೆ. ಈ ಸೀಮೆಯಲ್ಲಿ ಬಂದವರನ್ನು ‘ಊಟ ಮಾಡ್ಕೊಂಡೇ ಹೋಗಿ’ ಅಂದು ಕೂರಿಸಿ ಮುದ್ದೆ ಇಕ್ಕುವುದು ವಾಡಿಕೆ. ಊಟಕ್ಕೆ ಮುಂಚೆ ಒಂದು ಚೂರು ಕೊಟ್ಟು ಹಸಿವು ಕೆರಳಿಸುವುದು ಗೌರವಸ್ಥರ ಮನೆಯ ರೀತಿಯಾಗಿರಲಿಲ್ಲ. ಸುಟ್ಟ ಕರಿಮೀನನ್ನು ನಂಜಿಕೊಳ್ಳಲೆಂದೇ ಕೊಡುತ್ತಿದ್ದುದು ಹೆಂಡದಂಗಡಿಯ ಮಗ್ಗುಲಲ್ಲಿ. ಈಚಲುಮರದ ಹೆಂಡ ಹೋಯಿತು, 2007ರಲ್ಲಿ ಸಾರಾಯಿಯೂ ನಿಂತಿತು, ಆದರೆ ನಂಜಿಕೊಳ್ಳುವ ಚಪಲ ಮದುವೆಯ ಔತಣಗಳಿಗೆ ಸ್ಟಾರ್ಟರ್ ಎಂಬ ಹೆಸರಲ್ಲಿ ನುಸುಳಿತು. ತಪ್ಪೇನಿಲ್ಲ. ಹಿರಿಯರಿಗೆ ಮಾತ್ರ ಚೂರಿನ ಜೊತೆಗೇ ‘ಮುದ್ದೆ ತೊಳೆಸ್ತಾ ಇದೀವಿ ಯಜಮಾನ್ರೆ’ ಅಂದುಬಿಡಬೇಕು, ಇಲ್ಲವಾದರೆ ಇದೇ ಊಟವೆಂದುಕೊಂಡು ಎದ್ದುಬಿಟ್ಟಾರು.

ವಾರವನ್ನೂ ನೋಡಿಕೊಳ್ಳಬೇಕು. ಶನಿಮಹಾತ್ಮನ ಪಾವಗಡದ ನೆರೆಯಲ್ಲಿದ್ದು ಶನಿವಾರ ಮೀನಿಟ್ಟರೆ ಅರ್ಧ ತಟ್ಟೆ ಹಾಗೆಯೇ ಒಳಗೆ ಬರುತ್ತದೆ. ಸೋಮವಾರ ಬಿಡುವವರೂ ಇದ್ದಾರೆ. ಅಂಥವರಿಗಾಗಿ ಕಡಲೆಕಾಯಿ ಚಟ್ನಿಯ ಮೇಲೆ ಬರೀ ಟೊಮೇಟೊ, ಈರುಳ್ಳಿ ಇಟ್ಟ ಟೋಸ್ಟುಗಳನ್ನು ಬೇರೆ ತಟ್ಟೆಯಲ್ಲಿ, ಮೀನು ಮುಟ್ಟದ ಕೈಯಲ್ಲಿ ಮೊದಲು ಜೋಡಿಸಿಟ್ಟುಬಿಡಿ. ಮೊದಲು ಖಾಲಿಯಾಗುವ ತಟ್ಟೆ ಅದೇ ಆದರೂ ಆಗಬಹುದು, ಒಂದಿಷ್ಟು ಹೆಚ್ಚೇ ಮಾಡಿ.