ತುಕ್ಕು ಹಿಡಿದ ಜೀಪು: ತೂಕಕ್ಕೆ ಹಾಕುವ ಮುನ್ನ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಇತ್ತೀಚೆಗೆ ಹೊಸದೊಂದು ವ್ಯಾಪಾರ ನಡೆದಿದೆ. ಗೋವಿನಜೋಳ ಕೊಳ್ಳುವವರು, ಮಾವಿನ ತೋಪು ಗುತ್ತಿಗೆ ಹಿಡಿಯುವವರು ಬರುವ ದಾರಿಯಲ್ಲಿಯೇ ಈಗ ಹಳೆಯ ಜೀಪು ಕೇಳುವವರೂ ಬರುತ್ತಿದ್ದಾರೆ. ಅವರಿಗೆ ಓಡುವ ಜೀಪೇ ಬೇಕೆಂದಿಲ್ಲ. ಬಣವೆಯ ಮರೆಯಲ್ಲಿ, ತಗಡಿನ ಚಪ್ಪರದಡಿ, ಹತ್ತು ಹದಿನೈದು ವರ್ಷದಿಂದ ಗಾಳಿ ಇಳಿದ ಗಾಲಿಗಳ ಮೇಲೆ ಕುಳಿತ, ನಾಲ್ಕೂ ಗಾಲಿಗೆ ಎಳೆತವಿರುವ ಜೀಪಾದರೆ ಸಾಕು. ಅದನ್ನು ಒಯ್ದು, ಬಿಚ್ಚಿ, ತುಕ್ಕು ಉಜ್ಜಿ, ಕಾರ್ಖಾನೆಯಿಂದ ಬಂದ ದಿನದಂತೆ ಮತ್ತೆ ಕಟ್ಟುವ ಹವ್ಯಾಸ ಪಟ್ಟಣದವರಲ್ಲಿ ಬೆಳೆದಿದೆ.

ನಮ್ಮ ರೈತರಿಗೆ ಅದು ಅಂಗಳದ ಕಸ. ಒಯ್ದರೆ ಜಾಗವಾದರೂ ಖಾಲಿಯಾಗುತ್ತದೆಂದು ಗುಜರಿ ತೂಕದ ಲೆಕ್ಕದಲ್ಲಿ ಕೊಟ್ಟು, ಆರ್.ಸಿ. ಪುಸ್ತಕವನ್ನೂ ಕೈಗಿಟ್ಟು, ಛಾಪಾ ಕಾಗದಕ್ಕೆ ಸಹಿ ಹಾಕಿ ಕಳಿಸುತ್ತಿದ್ದಾರೆ. ಹೀಗೆ ಮಾರಿದವನಿಗೆ ಮೊದಲು ಬೆಲೆಯಲ್ಲಿ ಹಾನಿ, ಆಮೇಲೆ ಹೊಣೆಯಲ್ಲಿ ಹಾನಿ. ಬೆಲೆಯ ಹಾನಿ ಅಂದಿಗೇ ಮುಗಿಯುತ್ತದೆ. ಹೊಣೆಯ ಹಾನಿ ವರ್ಷಗಳ ನಂತರ ಹೊಲದವರೆಗೂ ಬರಬಹುದಾಗಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಈಗಲೇ ಏಕೆ ಕೇಳುತ್ತಿದ್ದಾರೆ?

ಜೀಪು ಎರಡನೆಯ ಮಹಾಯುದ್ಧಕ್ಕಾಗಿ ಹುಟ್ಟಿದ ವಾಹನ. ಆದರೆ 1945ರಲ್ಲಿ ಯುದ್ಧ ಮುಗಿಯುತ್ತಲೇ ಅಮೆರಿಕದ ವಿಲ್ಲಿಸ್ ಕಂಪನಿಯವರು ಅದರ ನಾಗರಿಕ ಮಾದರಿಯನ್ನು ರೈತರಿಗೆ ಮಾರಲು ಹೊರಟರು. ನೇಗಿಲು ಎಳೆಯಬಹುದು, ಹಿಂದಿನ ಶಾಫ್ಟಿಗೆ ಪಟ್ಟಿ ಹಾಕಿ ಯಂತ್ರ ತಿರುಗಿಸಬಹುದು, ಸಂಜೆ ಸಂತೆಗೂ ಹೋಗಿಬರಬಹುದು ಎಂಬುದು ಅವರ ಪ್ರಚಾರವಾಗಿತ್ತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ವಿಲ್ಲಿಸ್ ಜೀಪನ್ನು ಬಿಡಿಭಾಗಗಳಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಜೀಪು ಎಂದರೆ ಬಿಡಿಓ ಸಾಹೇಬರು ಎಂದೇ ನಮ್ಮ ಹಳ್ಳಿಗಳಲ್ಲಿ ಅರ್ಥವಾಯಿತು. ಕಚೇರಿಗೆ ಬೇಡವಾದ ಜೀಪು ಹರಾಜಿಗೆ ಬಂದಾಗ ಅನುಕೂಲಸ್ಥ ರೈತರು ಹಿಡಿದರು. ಹಾನಗಲ್ಲ ತಾಲೂಕಿನ ಗದ್ದೆಯ ಕೆಸರಿನಲ್ಲಿಯೂ, ಸವಣೂರು ಕಡೆಯ ಎರೆಭೂಮಿಯಲ್ಲಿಯೂ ಮಳೆಗಾಲದಲ್ಲಿ ಎತ್ತಿನ ಚಕ್ಕಡಿ ಬಿಟ್ಟರೆ ನಡೆಯುತ್ತಿದ್ದದ್ದು ಅದೊಂದೇ.

ಈ ಹರಾಜಿನ ಬಾಗಿಲು ಈಗ ಮುಚ್ಚಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಸರ್ಕಾರಿ ವಾಹನಗಳಿಗೆ ಹದಿನೈದು ವರ್ಷದ ನಂತರ ನೋಂದಣಿಯಿಲ್ಲ. ಅವು ಹರಾಜಿನ ಕಟ್ಟೆಗೆ ಬಾರದೆ ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗತಕ್ಕದ್ದು. ಅಂದರೆ ಹಳೆಯ ಜೀಪಿನ ಹೊಸ ಸರಬರಾಜು ನಿಂತಿತು, ಉಳಿದದ್ದು ರೈತರ ಚಪ್ಪರದಲ್ಲಿರುವುದು ಮಾತ್ರ. ಇನ್ನೊಂದು ಕಡೆ ಬೇಡಿಕೆ ಏರಿತು. 2020ರ ಅಕ್ಟೋಬರಿನಲ್ಲಿ ಹೊಸ ಥಾರ್ ಬಂದ ಮೇಲೆ ಜೀಪಿನ ಹುಚ್ಚು ಯುವಕರಲ್ಲಿ ಮತ್ತೆ ಹತ್ತಿಕೊಂಡಿತೆಂದು ನನ್ನ ಅಂದಾಜು. ಸರಬರಾಜು ನಿಂತು ಬೇಡಿಕೆ ಏರಿದರೆ ಬೆಲೆ ಏನಾಗುವುದೆಂದು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೂ ಬೆಲೆ ರೈತನ ಕೈಗೆ ಹತ್ತುತ್ತಿಲ್ಲ, ಏಕೆಂದರೆ ಅವನು ಹೆದರಿದ್ದಾನೆ. ಹದಿನೈದು ವರ್ಷವಾದ ಗಾಡಿಯನ್ನು ಸರ್ಕಾರದವರು ಎಳೆದೊಯ್ಯುತ್ತಾರೆ ಎಂದು ದಲ್ಲಾಳಿಗಳು ಸುದ್ದಿ ಹಬ್ಬಿಸಿದ್ದಾರೆ. ಇದು ಸರಿಯಲ್ಲ. ಮೇಲೆ ಹೇಳಿದ ನಿಯಮ ಸರ್ಕಾರದ ಸ್ವಂತ ವಾಹನಗಳಿಗೆ ಸಂಬಂಧಿಸಿದ್ದು. ವಯಸ್ಸಾದ ಖಾಸಗಿ ಗಾಡಿಗಳನ್ನು ರಸ್ತೆಯಿಂದ ತೆಗೆಯಬೇಕೆಂದು 2015ರಲ್ಲಿ ಹಸಿರು ನ್ಯಾಯಮಂಡಳಿಯು ಮಾಡಿದ ಆದೇಶ ದೆಹಲಿ ಪ್ರದೇಶದ್ದು. ನಮ್ಮಲ್ಲಿ ಖಾಸಗಿ ಜೀಪಿನ ನೋಂದಣಿಯನ್ನು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು.

ನವೀಕರಣದ ಖರ್ಚು ಮಾತ್ರ ಹೆಚ್ಚಿದ್ದು ನಿಜ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಲಘು ವಾಹನಗಳಿಗೆ 10,000 ಮಾಡಿದರು. ತಡ ಮಾಡಿದರೆ ತಿಂಗಳಿಗೆ 500, ಅಂದರೆ ವರ್ಷಕ್ಕೆ 6,000 ಹೆಚ್ಚುವರಿ. ಓಡದೆ ನಿಂತ ಜೀಪಿಗೆ ಇಷ್ಟು ಹಣ ಯಾರು ಸುರಿಯಬೇಕು ಎಂಬ ಬೇಸರದಲ್ಲಿ ರೈತ ಇರುವಾಗಲೇ ದಲ್ಲಾಳಿ ಬಂದು ನಿಲ್ಲುತ್ತಾನೆ.

ಬೆಲೆ ಇರುವುದು ಎಲ್ಲಿ?

ಜೀಪಿನ ಭಾರ ಒಂದು ಟನ್ನಿನ ಆಸುಪಾಸು. ಕಿಲೋಗೆ 30 ರೂಪಾಯಿ ಎಂದುಕೊಂಡರೂ ತೂಕದ ಬೆಲೆ 30 ಸಾವಿರ. ಆದರೆ ಕಟ್ಟಿ ನಿಲ್ಲಿಸಲು ಒಯ್ಯುವವನು ಕಬ್ಬಿಣ ಕೊಳ್ಳುತ್ತಿಲ್ಲ. ಅವನು ಮೊದಲು ನೋಡುವುದು ಚಾಸಿ. ಉದ್ದದ ಎರಡು ತೊಲೆಗಳು, ಅಡ್ಡಪಟ್ಟಿಗಳು, ಪಾಟಾ ಕಟ್ಟುವ ಕಿವಿಗಳು ಗಟ್ಟಿಯಿದ್ದರೆ ಮೇಲಿನ ತಗಡು ಜರಡಿಯಾಗಿದ್ದರೂ ಚಿಂತೆಯಿಲ್ಲ, ತಗಡನ್ನು ಹೊಸದಾಗಿ ಕಟ್ಟಬಹುದು. ಆಮೇಲೆ ಮುಂದಿನ ಹೌಸಿಂಗ್ ಮತ್ತು ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ. ಡೀಸೆಲ್ ಉಳಿಯಲೆಂದು ಮುಂದಿನ ಶಾಫ್ಟನ್ನು ಬಿಚ್ಚಿಟ್ಟ ರೈತರು ನಮ್ಮಲ್ಲಿ ಅನೇಕರಿದ್ದಾರೆ. ಅದು ಅಟ್ಟದ ಮೇಲೆಯೋ ನೇಗಿಲಿನ ಸಾಮಾನಿನೊಂದಿಗೋ ಬಿದ್ದಿರುತ್ತದೆ. ಅದನ್ನು ಹುಡುಕಿ ಜೀಪಿನೊಡನೆ ಇಡಬೇಕು. ಶಾಫ್ಟು ಕಾಣದಿದ್ದರೆ ಇದು ಎರಡೇ ಗಾಲಿಯ ಜೀಪು ಎಂದು ಬೆಲೆ ಇಳಿಸುತ್ತಾರೆ.

ಬಾನೆಟ್ಟಿನ ಪಕ್ಕದಲ್ಲಿ ‘ವಿಲ್ಲಿಸ್’ ಎಂದು ಒತ್ತಿದ ಅಕ್ಷರವಿದ್ದರೆ, ಕಂಪನಿಯ ಹಿತ್ತಾಳೆ ಅಥವಾ ತಗಡಿನ ಪಟ್ಟಿ ಉಳಿದಿದ್ದರೆ, ಮೂಲದ ಪೆಟ್ರೋಲ್ ಎಂಜಿನ್ ಇದ್ದರೆ ಅದು ಬೇರೆಯೇ ದರ್ಜೆಯ ಜೀಪು. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಎಂಜಿನ್ ಇಳಿಸಿ ಮೆಟಡೋರಿನ ಡೀಸೆಲ್ ಎಂಜಿನ್ ಕೂಡಿಸಿದವರು ಬಹಳ ಜನ. ಇಳಿಸಿದ ಎಂಜಿನ್ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನೂ ಕೊಡಬಹುದು, ಅದಕ್ಕೂ ಗಿರಾಕಿಯಿದ್ದಾನೆ. ಒಂದು ಊರಿನಲ್ಲಿ ಜೀಪಿನ ಹಿಂದಿನ ಬಾಗಿಲನ್ನು ತಿಪ್ಪೆಗುಂಡಿಯ ಅಡ್ಡಕ್ಕೂ, ಮುಂದಿನ ಗಾಜಿನ ಚೌಕಟ್ಟನ್ನು ಕೋಳಿಗೂಡಿಗೂ ಹಾಕಿದ್ದನ್ನು ಕಂಡೆ. ಆ ಚೌಕಟ್ಟು ಕೋಳಿಗಿಂತ ಬೆಲೆಯುಳ್ಳದ್ದೆಂದರೆ ಮನೆಯವರು ನಕ್ಕರು.

ಮಾರುವ ಮುನ್ನ ಬಣ್ಣ ಬಳಿಸುವುದು, ತೂತಿಗೆ ಪುಟ್ಟಿ ತುಂಬಿಸುವುದು ಶುದ್ಧ ನಷ್ಟ. ತಿಳಿದ ಗಿರಾಕಿಗೆ ಕಾಣುವ ತುಕ್ಕಿಗಿಂತ ಮುಚ್ಚಿದ ತುಕ್ಕಿನ ಭಯ ಹೆಚ್ಚು. ಬದಲಾಗಿ ಚಾಸಿಗೆ ಮೆತ್ತಿದ ಹಳೆಯ ಕೆಸರನ್ನು ತೊಳೆದು, ಗಾಲಿಯ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿಡಬೇಕು. ಇಲ್ಲಿ ನನ್ನ ಇಲಾಖೆಗೆ ಸಂಬಂಧಿಸಿದ ಮಾತೊಂದಿದೆ. ಜೀಪು ನಿಂತ ಚಪ್ಪರದಲ್ಲಿಯೇ ಗೊಬ್ಬರದ ಚೀಲ ಒಟ್ಟುವ ರೂಢಿ ನಮ್ಮಲ್ಲಿದೆ. ರಾಸಾಯನಿಕ ಗೊಬ್ಬರಗಳು ಲವಣಗಳಾದುದರಿಂದ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿರುವ ಕ್ಲೋರೈಡಂತೂ ಕಬ್ಬಿಣಕ್ಕೆ ಕಡಲ ಗಾಳಿಯಷ್ಟೇ ಕೆಟ್ಟದ್ದು. ದನದ ಗಂಜಲವೂ ಹಾಗೆಯೇ. ಹಾನಗಲ್ಲ ಕಡೆಯ ಮಳೆಯಲ್ಲಿ ಹತ್ತು ವರ್ಷಕ್ಕೆ ಆಗುವ ಸವೆತ ಗೊಬ್ಬರದ ಚೀಲದ ಮಗ್ಗುಲಲ್ಲಿ ಬಹಳ ಬೇಗ ಆಗುತ್ತದೆ. ಮಾರುವುದು ತಡವಾಗುವುದಾದರೆ ಚೀಲಗಳನ್ನಾದರೂ ಇಂದೇ ಸರಿಸಿರಿ.

ಹೆಸರು ಯಾರದು?

ಬೆಲೆಯ ಅರ್ಧ ಕಬ್ಬಿಣದಲ್ಲಿದ್ದರೆ ಇನ್ನರ್ಧ ಕಾಗದದಲ್ಲಿದೆ, ತೊಂದರೆಯೆಲ್ಲ ಇರುವುದೂ ಕಾಗದದಲ್ಲಿಯೇ. ಕಾಯ್ದೆಯ ಕಣ್ಣಿಗೆ ವಾಹನದ ಮಾಲೀಕನೆಂದರೆ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವನು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಸಾರಿಗೆ ಕಚೇರಿಯಲ್ಲಿ ಹೆಸರು ಮಾತ್ರ ಬದಲಾಗಿರಲಿಲ್ಲ. ಅಪಘಾತದ ಪರಿಹಾರದ ಹೊಣೆ ಮೊದಲು ಮಾರಿದ, ದಾಖಲೆಯಲ್ಲಿ ಹೆಸರಿದ್ದವನದೇ ಎಂದು ನ್ಯಾಯಾಲಯ ಹೇಳಿತು. ತೀರ್ಪಾದ ಪರಿಹಾರವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಮೋಟಾರು ವಾಹನ ಕಾಯ್ದೆಯ 174ನೆಯ ಕಲಮು ಅವಕಾಶ ಕೊಡುತ್ತದೆ. ಹೊಲದವರೆಗೂ ಬರಬಹುದೆಂದು ಮೊದಲೇ ಹೇಳಿದ್ದು ಇದಕ್ಕಾಗಿ. ವಿಮೆಯಿಲ್ಲದ, ಬ್ರೇಕಿನ ಭರವಸೆಯಿಲ್ಲದ ಹಳೆಯ ಜೀಪು ನಿಮ್ಮ ಹೆಸರಿನಲ್ಲಿ ಯಾವುದೋ ಘಟ್ಟದಲ್ಲಿ ಓಡಾಡುತ್ತಿದ್ದರೆ ಛಾಪಾ ಕಾಗದ ನಿಮ್ಮನ್ನು ಕಾಯುವುದಿಲ್ಲ.

ನಮ್ಮ ಭಾಗದ ಜೀಪುಗಳಲ್ಲಿ ಇನ್ನೊಂದು ತೊಡಕೂ ಇದೆ. ಪುಸ್ತಕ ತೆರೆದರೆ ಹೆಸರು ತೀರಿಹೋದ ತಂದೆಯದೋ ಅಜ್ಜನದೋ ಆಗಿರುತ್ತದೆ. ಹರಾಜಿನ ಜೀಪಾದರೆ ಆಗಿನ ತಾಲೂಕು ಅಭಿವೃದ್ಧಿ ಮಂಡಳಿಯ ಹೆಸರೇ ಉಳಿದಿರಲೂಬಹುದು. ಹೊಲದ ಉತಾರದಲ್ಲಿ ವಾರಸಾ ಹಚ್ಚದೆ ಹೊಲ ಮಾರಲಾದೀತೇ? ಜೀಪೂ ಹಾಗೆಯೇ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಲು 31ನೆಯ ನಮೂನೆಯ ಅರ್ಜಿ, ಮರಣದ ದಾಖಲೆ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹರಾಜಿನ ಜೀಪಿಗೆ ಹರಾಜು ಆದೇಶ ಮತ್ತು ಹಣ ತುಂಬಿದ ಚಲನ್ನು ಹುಡುಕಬೇಕು. ‘ಎಂವೈ’ ಎಂದೋ ‘ಸಿ’ ಎಂದೋ ಆರಂಭವಾಗುವ ಹಳೆಯ ಸಂಖ್ಯೆಯ ಪುಸ್ತಕಗಳು ಗಣಕಯಂತ್ರದ ದಾಖಲೆಗೆ ಏರದೆ ಇರಬಹುದು. ಆಗ ಅವನ್ನು ಮೊದಲು ಏರಿಸಲು ಅರ್ಜಿ ಕೊಡಬೇಕಾಗುತ್ತದೆ. ಇದೆಲ್ಲ ಗಿರಾಕಿ ಬರುವ ಮುನ್ನವೇ ಮುಗಿಸುವ ಕೆಲಸ. ಬಂದ ಮೇಲೆ ಅವಸರದಲ್ಲಿ ಸಹಿ ಬೀಳುತ್ತದೆ.

ಇಲ್ಲಿ ನಿಜವಾದ ಗಂಟು ಇನ್ನೊಂದು. ಅವಧಿ ಮುಗಿದ ನೋಂದಣಿಯ ಮೇಲೆ ಹೆಸರು ಬದಲಾಯಿಸಲು ಹೋದರೆ ಕಚೇರಿಯವರು ಸಾಮಾನ್ಯವಾಗಿ ಮೊದಲು ನವೀಕರಣ ಕೇಳುತ್ತಾರೆ. ನವೀಕರಣಕ್ಕೆ ಜೀಪು ಓಡಬೇಕು, ತಪಾಸಣೆಗೆ ನಿಲ್ಲಬೇಕು. ಓಡುವ ಜೀಪಾಗಿದ್ದರೆ ಮಾರುವ ಮಾತೇ ಬೇರೆ! ಆದುದರಿಂದಲೇ ಛಾಪಾ ಕಾಗದದ ವ್ಯಾಪಾರ ಬೆಳೆದಿದೆ. ನಿಯಮ ಮಾಡಿದವರು ಕಟ್ಟಿ ನಿಲ್ಲಿಸುವ ಜೀಪಿನ ಬಗ್ಗೆ ಯೋಚಿಸಿದಂತೆ ಕಾಣುವುದಿಲ್ಲ. ಮುಗಿದ ನೋಂದಣಿಯ ಓಡದ ವಾಹನವನ್ನು ‘ದುರಸ್ತಿಗಾಗಿ’ ಎಂದು ಬರೆದು ಹೆಸರು ವರ್ಗಾಯಿಸಲು ಸಾರಿಗೆ ಇಲಾಖೆಯವರು ಸರಳ ದಾರಿ ಮಾಡಿದರೆ ರೈತನಿಗೂ ಕೊಳ್ಳುವವನಿಗೂ ಕಚೇರಿಗೂ ಒಳ್ಳೆಯದಾಗುತ್ತಿತ್ತು.

ಅಲ್ಲಿಯವರೆಗೆ ಇರುವುದರಲ್ಲಿ ಸುರಕ್ಷಿತವಾದದ್ದು, ಪೂರ್ತಿ ಮಾರಾಟ ಮಾಡದೆ ಕರಾರಿನ ಮೇಲೆ ಕೊಡುವುದು. ಸಂಚಕಾರ ತೆಗೆದುಕೊಂಡು, ಜೀಪನ್ನು ಲಾರಿಯ ಮೇಲೆ ಏರಿಸಿ ಕಳಿಸಬೇಕು, ಓಡಿಸಿಕೊಂಡು ಹೋಗಲು ಬಿಡಕೂಡದು. ಆರ್.ಸಿ. ಪುಸ್ತಕದ ಮೂಲ ಪ್ರತಿ ನಿಮ್ಮಲ್ಲಿಯೇ ಇರಲಿ. ದುರಸ್ತಿ ಮುಗಿದು, ವಿಮೆ ಮಾಡಿಸಿ, ತಪಾಸಣೆಗೆ ತಂದ ದಿನ ನವೀಕರಣವನ್ನೂ ವರ್ಗಾವಣೆಯನ್ನೂ ಒಟ್ಟಿಗೆ ಮಾಡಿಸಿ ಉಳಿದ ಹಣ ಎಣಿಸಿಕೊಳ್ಳಬೇಕು. ಅಷ್ಟರವರೆಗೆ ರಸ್ತೆಗೆ ಇಳಿಸಕೂಡದೆಂದೂ, ನವೀಕರಣದ ಶುಲ್ಕ ಮತ್ತು ದಂಡ ಯಾರದೆಂದೂ ಕರಾರಿನಲ್ಲಿ ಬರೆಯಬೇಕು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆ, ಹೊರರಾಜ್ಯಕ್ಕೆ ಒಯ್ಯುವುದಾದರೆ 28ನೆಯ ನಮೂನೆಯ ನಿರಾಕ್ಷೇಪಣ ಪತ್ರ ಬೇಕು. ಮಾರಿದ ಸಂಗತಿಯನ್ನು ರಾಜ್ಯದೊಳಗಾದರೆ 14 ದಿನಗಳಲ್ಲಿ ತಿಳಿಸುವುದು ಮಾರಿದವನ ಕರ್ತವ್ಯ. ಅದನ್ನು ಅಂಚೆಯಲ್ಲಿ ಕಳಿಸಿ ಸ್ವೀಕೃತಿಯನ್ನು ಕಾಪಾಡಿಕೊಳ್ಳತಕ್ಕದ್ದು. ಬ್ಯಾಂಕಿನ ಸಾಲದ ನಮೂದು ಪುಸ್ತಕದಲ್ಲಿ ಇನ್ನೂ ಇದ್ದರೆ, ಸಾಲ ತೀರಿ ಎಷ್ಟೇ ವರ್ಷವಾಗಿದ್ದರೂ, 35ನೆಯ ನಮೂನೆಯಲ್ಲಿ ಅದನ್ನು ತೆಗೆಸಲೇಬೇಕು.

ಕೆಲವರು ‘ಇದನ್ನು ವಿಂಟೇಜ್ ಮಾಡಿಸುತ್ತೇವೆ, ನವೀಕರಣ ಬೇಕಿಲ್ಲ’ ಎನ್ನುತ್ತಾರೆ. 2021ರ ಜುಲೈ ತಿಂಗಳಿನ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಖಾಸಗಿ ವಾಹನಕ್ಕೆ ಮಾತ್ರ ಆ ನೋಂದಣಿ. ಶುಲ್ಕ 20,000, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿಗಳಿಗಷ್ಟೇ ಹೊರತು ದಿನನಿತ್ಯ ಓಡಿಸುವಂತಿಲ್ಲ. 1985ರ ನಂತರದ ಎಂಎಂ 540 ಜೀಪಿಗೆ ಈ ಮಾತು ಹೇಳುವವನು ನಿಮ್ಮನ್ನು ಮರುಳು ಮಾಡುತ್ತಿದ್ದಾನೆ.

ಇನ್ನೂ ಅಪಾಯದವನು ಜೀಪು ಬೇಡ, ಪುಸ್ತಕ ಮತ್ತು ಚಾಸಿ ಸಂಖ್ಯೆಯ ತುಂಡು ಸಾಕು ಎನ್ನುವವನು. ಅವನಿಗೆ ಬೇಕಾದದ್ದು ನಿಮ್ಮ ಸಂಖ್ಯೆ. ಎಲ್ಲಿಯೋ ಬಿಡಿಭಾಗಗಳಿಂದ ಕಟ್ಟಿದ ಅಥವಾ ಕದ್ದ ಜೀಪಿಗೆ ಅದನ್ನು ಹಚ್ಚುತ್ತಾನೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವುದು ಸಲ್ಲದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಸಂಖ್ಯೆ ಬದಲಿಸುವುದಂತೂ ನೇರ ಅಪರಾಧ, ಪೊಲೀಸರು ಪುಸ್ತಕದಲ್ಲಿರುವ ವಿಳಾಸಕ್ಕೇ ಬರುತ್ತಾರೆ. ಅಂಥವರಿಗೆ ಎಷ್ಟು ಹಣ ಕೊಟ್ಟರೂ ಕೊಡಕೂಡದು.

ಚಾಸಿಯೇ ಮುರಿದು, ಕಟ್ಟಲಾರದ ಸ್ಥಿತಿಯಲ್ಲಿದ್ದರೆ ಬಿಡಿಭಾಗವಾಗಿ ಮಾರುವುದಕ್ಕೆ ಅಡ್ಡಿಯಿಲ್ಲ. ಆದರೆ ಮೊದಲು 55ನೆಯ ಕಲಮಿನಂತೆ ನೋಂದಣಿ ರದ್ದು ಮಾಡಿಸಿ ಆ ಪತ್ರವನ್ನು ಕೈಯಲ್ಲಿ ಹಿಡಿಯಬೇಕು. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಹೊಸ ವಾಹನ ಕೊಳ್ಳುವಾಗ ಅದರ ಮೇಲೆ ತೆರಿಗೆಯಲ್ಲಿ ರಿಯಾಯಿತಿ ಪಡೆಯಲು ಅವಕಾಶವಿದೆ. ಸುಗ್ಗಿಯ ನಂತರ ಹೊಸ ಗಾಡಿ ಕೊಳ್ಳುವ ಯೋಚನೆಯಿದ್ದವರು ತೂಕದ ಹಣದೊಡನೆ ಈ ರಿಯಾಯಿತಿಯನ್ನೂ ಕೂಡಿಸಿ ಲೆಕ್ಕ ಹಾಕಿ ನೋಡಬಹುದು. ಪುಸ್ತಕವೇ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯೊಡನೆ ನಕಲು ಪುಸ್ತಕಕ್ಕೆ ಅರ್ಜಿ ಸಲ್ಲಿಸಬೇಕು. ಅದಕ್ಕೆ ಚಾಸಿ ಸಂಖ್ಯೆ ಬೇಕಾಗುವುದರಿಂದ ತುಕ್ಕನ್ನು ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಮೆತ್ತಗೆ ಒರೆಸಿ ಓದಿಕೊಳ್ಳಿರಿ, ಉಳಿ ಅಥವಾ ಕಾನಸಿನಿಂದ ಕೆರೆಯಬೇಡಿರಿ.