ಹಡಗು ಹತ್ತುವ ಮೊದಲು ಓದಬೇಕಾದ ಕಾಗದ

ಆಸ್ಪತ್ರೆಯ ಫಾರ್ಮಸಿಯಲ್ಲಿ, ಔಷಧಿ ಕೊಡುವ ಕಿಟಕಿಯ ಒಳಗೆ ನಿಂತು ಇಪ್ಪತ್ತು ವರ್ಷ ಕಳೆದವರು ನಾವು. ದಿನಕ್ಕೆ ನೂರಾರು ಚೀಟಿ ಓದುತ್ತೇವೆ. "ಇದು ಊಟಕ್ಕೆ ಮೊದಲಾ, ಆಮೇಲಾ?" ಎಂದು ಕೇಳುವವರಿಗೆ ಲೇಬಲ್ಲಿನ ಮೇಲೆ ಬೆರಳಿಟ್ಟು "ಇಲ್ಲಿ ಬರೆದಿದೆ, ಓದಿ" ಎನ್ನುತ್ತೇವೆ. ಅಂಥ ನಾವೇ ಒಂದು ಕಾಗದವನ್ನು ಓದದೆ ಮಡಚಿ ಪಾಸ್‌ಪೋರ್ಟಿನ ಜೊತೆ ಇಟ್ಟೆವು. ಅದು ಅಪ್ಪ ಅಮ್ಮನ ಪ್ರವಾಸ ವಿಮೆಯ ಪಾಲಿಸಿ. ಆ ತಪ್ಪು ನಿಮ್ಮಿಂದ ಆಗಬಾರದು ಎಂದೇ ಈ ಬರಹ.

ಗಲ್ಫಿನಲ್ಲಿ ದುಡಿಯುವವರಿಗೆ ಕ್ರೂಸ್ ಯಾಕೆ ಎಂದು ಕೆಲವರು ಕೇಳಬಹುದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಬೊಂಬಾಯಿಯಿಂದ 'ದ್ವಾರಕಾ' ಹಡಗಿನ ಡೆಕ್ಕಿನಲ್ಲಿ ಹಾಸಿಗೆ ಬಿಡಿಸಿಕೊಂಡು ಈ ಕಡೆಗೆ ಬಂದವರು. 1982ರಲ್ಲಿ ಆ ಹಡಗಿನ ಓಡಾಟ ನಿಂತಿತು. ಅವರ ಪಾಲಿಗೆ ಹಡಗು ಎಂದರೆ ಹೊಟ್ಟೆಪಾಡು. ಈಗ ಒಂದೇ ಮನೆಯ ಮಕ್ಕಳಲ್ಲಿ ಒಬ್ಬರು ಶಾರ್ಜಾದಲ್ಲಿ, ಒಬ್ಬರು ಸಿಡ್ನಿಯಲ್ಲಿ. ಅಪ್ಪ ಅಮ್ಮ ಪುತ್ತೂರಿನ ಮನೆಯಲ್ಲಿ. ಎಲ್ಲರೂ ಒಂದು ಕಡೆ ಸೇರುವುದೇ ಅಪರೂಪ. ಸೇರಿದಾಗ ಹಿರಿಯರಿಗೆ ಒಂದು ಖುಷಿ ಕೊಡಬೇಕು ಎಂದು ಅನಿಸುವುದು ಸಹಜ. ವರ್ಷಗಟ್ಟಲೆ ಓವರ್‌ಟೈಮ್ ಮಾಡಿ ಕೂಡಿಟ್ಟ ಹಣದಲ್ಲಿ ಆ ಖುಷಿ ಕೊಡುವುದು ತಪ್ಪೂ ಅಲ್ಲ.

ಸಿಡ್ನಿಯಲ್ಲಿರುವ ಅಕ್ಕ ಭಾವನ ಮನೆಗೆ ಹೋದಾಗ ನಾವೂ ಹಾಗೇ ಮಾಡಿದೆವು. ಸಿಡ್ನಿಯಿಂದ ಹೊರಟು ಮೆಲ್ಬರ್ನ್, ಹೋಬಾರ್ಟ್ ಮುಟ್ಟಿ ಮರಳುವ ಒಂದು ವಾರದ ಯಾನ. ನಾವು ಗಂಡ ಹೆಂಡತಿ, ಅಪ್ಪ, ಅಮ್ಮ. ಅಕ್ಕನಿಗೆ ರಜೆ ಸಿಗಲಿಲ್ಲ. ಒಪೆರಾ ಹೌಸಿನ ಎದುರಿನಿಂದ ಹಡಗು ಮೆಲ್ಲನೆ ಹೊರಟಾಗ ಅಪ್ಪ ಕಟಕಟೆ ಹಿಡಿದು ನಿಂತು, "ಇಷ್ಟು ದೊಡ್ಡದು ನೀರ ಮೇಲೆ ಹೇಗೆ ನಿಲ್ಲುತ್ತದೆ ಮಾರಾಯ!" ಎಂದರು. ಆ ಒಂದು ಮಾತಿಗೆ ಟಿಕೆಟ್ಟಿನ ಹಣ ಸಂದಿತು ಎನಿಸಿತು.

ಎರಡನೆಯ ರಾತ್ರಿ ಹಡಗು ಬಾಸ್ ಜಲಸಂಧಿಗೆ ಬಂತು. ಅಲ್ಲಿ ಸಮುದ್ರದ ಸರಾಸರಿ ಆಳ ಸುಮಾರು 60 ಮೀಟರ್ ಅಷ್ಟೆ. ಆಳ ಕಡಿಮೆ, ಪಶ್ಚಿಮದ ಗಾಳಿ ಜೋರು. ಹಾಗಾಗಿ ಅಲೆ ಬೇಗ ಏಳುತ್ತದೆ. ಅಪ್ಪನಿಗೆ ವಾಂತಿ ಶುರುವಾಯಿತು. ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೂ ಬೆಳಿಗ್ಗೆ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಎರಡನ್ನೂ ನಿಯಮ ತಪ್ಪದೆ ನುಂಗಿದರು. ಮಧ್ಯಾಹ್ನ ಸ್ನಾನದ ಕೋಣೆಯಿಂದ ಹೊರಗೆ ಬರುವಾಗ ಕುಸಿದರು. "ಎಂತ ಇಲ್ಲ, ಸ್ವಲ್ಪ ತಲೆ ತಿರುಗಿತು" ಎಂದರು. ನಾಡಿ ಹಿಡಿದ ನಮಗೆ ಅದು ಸ್ವಲ್ಪವಲ್ಲ ಎಂದು ಗೊತ್ತಾಯಿತು.

ಹಡಗಿನ ಆಸ್ಪತ್ರೆಯಲ್ಲಿ ವೈದ್ಯರು ಇಸಿಜಿ ತೆಗೆದರು, ಡ್ರಿಪ್ ಹಾಕಿದರು. ಅಪ್ಪ ಚೇತರಿಸಿಕೊಂಡರು. ಮೆಲ್ಬರ್ನ್ ತಲುಪಿದ ಮೇಲೆ ಅಲ್ಲಿನ ಆಸ್ಪತ್ರೆಗೆ ಕಳಿಸಿದರು. ಎರಡು ದಿನದಲ್ಲಿ ಗುಣವಾಗಿ ವಿಮಾನದಲ್ಲಿ ಸಿಡ್ನಿಗೆ ಮರಳಿದರು. ಹೋಬಾರ್ಟ್ ನೋಡಲಿಲ್ಲ, ಅದಕ್ಕೆ ಬೇಸರವಿಲ್ಲ. ಆದರೆ ವಿಮೆಯವರು ಒಂದು ಡಾಲರನ್ನೂ ಕೊಡಲಿಲ್ಲ. ಕಾರಣ ಎರಡು. ಪಾಲಿಸಿಯಲ್ಲಿ ಕ್ರೂಸ್ ಪ್ರಯಾಣ ಸೇರಿರಲಿಲ್ಲ. ಅಪ್ಪನ ಬಿಪಿ, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ನಾವು ಬರೆದಿರಲಿಲ್ಲ. ಬರೆದರೆ ಕಂತು ಹೆಚ್ಚಾಗುತ್ತದೆ ಎಂದು 'ಇಲ್ಲ' ಎಂಬಲ್ಲಿ ಗುರುತು ಹಾಕಿದ್ದೆವು. ವಿಮೆಯವರನ್ನು ಬೈದು ಪ್ರಯೋಜನವಿಲ್ಲ. ಸುಳ್ಳು ಬರೆದವರು ನಾವು.

ಇದರ ಮೂಲ ನಮ್ಮ ಗಲ್ಫ್ ಜೀವನದಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ. ಇಲ್ಲಿ ಆರೋಗ್ಯ ವಿಮೆಯ ಕಾರ್ಡನ್ನು ಕಂಪನಿ ಮಾಡಿಕೊಡುತ್ತದೆ. ಯುಎಇಯಲ್ಲಿ ಅಬುಧಾಬಿ, ದುಬೈಗಳ ನಂತರ 2025ರ ಜನವರಿಯಿಂದ ಉಳಿದ ಎಮಿರೇಟ್‌ಗಳಲ್ಲೂ ಅದು ಕಡ್ಡಾಯ. ಕಾರ್ಡ್ ತೋರಿಸುತ್ತೇವೆ, ಔಷಧಿ ಪಡೆಯುತ್ತೇವೆ. ಪಾಲಿಸಿ ಓದುವ ಅಭ್ಯಾಸವೇ ನಮಗಿಲ್ಲ. ಪ್ರವಾಸ ವಿಮೆ ಎಂದರೆ ವೀಸಾ ಅರ್ಜಿಗೆ ಲಗತ್ತಿಸುವ ಒಂದು ಕಾಗದ, ಅಗ್ಗವಾದಷ್ಟೂ ಒಳ್ಳೆಯದು ಎಂದುಕೊಳ್ಳುತ್ತೇವೆ. ಆದರೆ ವಯಸ್ಸಾದವರ ಪ್ರಯಾಣದಲ್ಲಿ ವಿಮೆಯೂ ಒಂದು ಔಷಧಿ. ರೋಗಿ ಯಾರು, ಕಾಯಿಲೆ ಏನು ಎಂದು ನೋಡಿ ಆರಿಸಬೇಕು.

ವಿಮೆ ಕೊಳ್ಳುವಾಗ

ಆಸ್ಟ್ರೇಲಿಯಾದ ಮೆಡಿಕೇರ್ ಅಲ್ಲಿನ ಜನರಿಗೆ. 11 ದೇಶಗಳೊಡನೆ ಪರಸ್ಪರ ಚಿಕಿತ್ಸೆಯ ಒಪ್ಪಂದವಿದೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ಹಡಗು ಆಸ್ಟ್ರೇಲಿಯಾದ ತೀರದಲ್ಲೇ ಸಾಗಿದರೂ ಹಡಗಿನ ವೈದ್ಯರ ಬಿಲ್ಲಿಗೆ ಅಲ್ಲಿನವರಿಗೂ ಸಾಮಾನ್ಯವಾಗಿ ಮೆಡಿಕೇರ್ ಸಿಗುವುದಿಲ್ಲ. ಹೀಗಾಗಿ "ಸಿಡ್ನಿಯಿಂದ ಮೆಲ್ಬರ್ನಿಗೆ ತಾನೆ, ವಿಮೆ ಯಾಕೆ?" ಎಂಬ ಮಾತು ಬೇಡ. ಮೆಲ್ಬರ್ನಿನಲ್ಲಿ ಆಂಬುಲೆನ್ಸ್ ಕೂಡ ಉಚಿತವಲ್ಲ. ಒಂದು ಸಲದ ತುರ್ತು ಓಡಾಟಕ್ಕೆ ಸಾವಿರ ಡಾಲರ್ ದಾಟುತ್ತದೆ.

ಪಾಲಿಸಿಯಲ್ಲಿ ನಾಲ್ಕು ವಿಷಯ ಹುಡುಕಿ. ಒಂದು, ಕ್ರೂಸ್ ಎಂಬ ಪದ ಇದೆಯೇ? ಬಹಳಷ್ಟು ಪಾಲಿಸಿಗಳಲ್ಲಿ ಅದಕ್ಕೆ ಬೇರೆ ಹಣ ಕಟ್ಟಿ ಸೇರಿಸಿಕೊಳ್ಳಬೇಕು. ಎರಡು, ಹಡಗಿನಲ್ಲಿ ಆಗುವ ಚಿಕಿತ್ಸೆ, ಹಡಗಿನಿಂದ ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸುವ ಖರ್ಚು, ಕೊನೆಗೆ ಊರಿಗೆ ಕಳಿಸುವ ಖರ್ಚು ಸೇರಿದೆಯೇ? ಮೂರು, ಮೊದಲೇ ಇರುವ ಕಾಯಿಲೆಗಳನ್ನು ಒಪ್ಪಿಕೊಂಡಿದ್ದಾರೆಯೇ? ಬಿಪಿ, ಸಕ್ಕರೆ, ಥೈರಾಯ್ಡ್, ಹಿಂದೆ ಹಾಕಿಸಿದ ಸ್ಟೆಂಟ್, ಎಲ್ಲವನ್ನೂ ಬರೆಯಿರಿ. ಕಂತು ಹೆಚ್ಚಾಗಲಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ನಾಲ್ಕು, ಸಾಂಕ್ರಾಮಿಕ ರೋಗದ ಬಗ್ಗೆ ಏನು ಹೇಳಿದೆ? 2020ರ ಮಾರ್ಚ್ 19ರಂದು ಸಿಡ್ನಿಯಲ್ಲಿ 'ರೂಬಿ ಪ್ರಿನ್ಸೆಸ್' ಹಡಗಿನಿಂದ 2,600ಕ್ಕೂ ಹೆಚ್ಚು ಪ್ರಯಾಣಿಕರು ಇಳಿದರು. ಆ ಹಡಗಿನಿಂದ ಹರಡಿದ ಕೋವಿಡ್‌ಗೆ 28 ಜನ ಬಲಿಯಾದರು. ಆಗ ಸಾಂಕ್ರಾಮಿಕ ಎಂಬ ಒಂದು ಪದಕ್ಕೆ ಎಷ್ಟು ಬೆಲೆ ಎಂದು ಲೋಕಕ್ಕೆ ತಿಳಿಯಿತು.

ಗಲ್ಫಿನಲ್ಲಿ ಕೊಳ್ಳುವ ಪ್ರವಾಸ ವಿಮೆ ಸಾಮಾನ್ಯವಾಗಿ ಇಲ್ಲಿ ವಾಸಿಸುವವರಿಗೆ ಮಾತ್ರ. ಊರಿನಿಂದ ಬರುವ ಅಪ್ಪ ಅಮ್ಮನಿಗೆ ಭಾರತದಲ್ಲೇ, ಅವರು ವಿಮಾನ ಹತ್ತುವ ಮೊದಲೇ ಮಾಡಿಸಿ. ಬಿಲ್ಲು, ವೈದ್ಯರ ವರದಿ, ಪ್ರತಿಯೊಂದು ಕಾಗದವನ್ನೂ ಹಡಗಿನಿಂದ ಇಳಿಯುವ ಮೊದಲೇ ಕೇಳಿ ಪಡೆಯಿರಿ.

ಇನ್ನು ವೀಸಾ. ಹಡಗು ನ್ಯೂ ಕ್ಯಾಲಡೋನಿಯಾ, ಫಿಜಿ ಮುಂತಾದ ಕಡೆ ಹೋಗಿ ಬರುವುದಾದರೆ ಆಸ್ಟ್ರೇಲಿಯಾದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ಒಂದೇ ಸಲ ಪ್ರವೇಶದ ವೀಸಾ ಇದ್ದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಔಷಧಿಯ ಡಬ್ಬಿ

ಇದು ನಮ್ಮ ಕಸುಬಿನ ಮಾತು. ಅಪ್ಪ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಕೊಂಡಿದ್ದರು. ಹಡಗಿನ ವೈದ್ಯರು ಏನೇನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಅಮ್ಮ ಹೇಳಿದ್ದು, "ಬೆಳಿಗ್ಗೆ ಬಿಳಿಯದ್ದು, ರಾತ್ರಿ ಹಳದಿಯದ್ದು." ಔಷಧಿಯನ್ನು ಅದರ ಪೊಟ್ಟಣದಲ್ಲೇ ಒಯ್ಯಿರಿ. ನಮ್ಮೂರಿನ ಬ್ರ್ಯಾಂಡ್ ಹೆಸರು ಆಸ್ಟ್ರೇಲಿಯಾದ ವೈದ್ಯರಿಗೆ ತಿಳಿಯದಿರಬಹುದು. ಟೆಲ್ಮಾ ಎಂದರೆ ಟೆಲ್ಮಿಸಾರ್ಟಾನ್, ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್, ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್. ಈ ಮೂಲ ಹೆಸರು, ಪ್ರಮಾಣ, ಹೊತ್ತು ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಡಿ.

ಆಸ್ಟ್ರೇಲಿಯಾಕ್ಕೆ ಸ್ವಂತ ಬಳಕೆಯ ಔಷಧಿಯನ್ನು ಮೂರು ತಿಂಗಳಿಗೆ ಆಗುವಷ್ಟು ಒಯ್ಯಬಹುದು; ವೈದ್ಯರ ಚೀಟಿ ಜೊತೆಗಿರಲಿ. ಕಷಾಯದ ಪುಡಿ, ಬೇರು, ಉಪ್ಪಿನಕಾಯಿ, ಚಟ್ನಿಪುಡಿ ಏನಿದ್ದರೂ ಪ್ರವೇಶದ ಕಾರ್ಡಿನಲ್ಲಿ ಬರೆಯಿರಿ. ಬರೆದರೆ ಹೆಚ್ಚೆಂದರೆ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಬಚ್ಚಿಟ್ಟರೆ ದೊಡ್ಡ ದಂಡ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕ್ಯಾಬಿನ್ನಿನ ಸಣ್ಣ ಫ್ರಿಜ್ ಎಷ್ಟೋ ಸಲ ಸಾಕಷ್ಟು ತಂಪಿರುವುದಿಲ್ಲ. ಹಡಗಿನ ಆಸ್ಪತ್ರೆಯಲ್ಲಿ ಇಡಲು ಕೇಳಿಕೊಳ್ಳಿ.

ಸಮುದ್ರದ ವಾಂತಿಗೆ ಅವೋಮಿನ್‌ನಂಥ ಮಾತ್ರೆಯನ್ನು ಅಲೆ ಏಳುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಈ ಮಾತ್ರೆ ಮಂಪರು ತರುತ್ತದೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇರುವ ಹಿರಿಯರು ಊರಿನ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಇನ್ನೊಂದು ಮುಖ್ಯ ಮಾತು: ವಾಂತಿ ಭೇದಿ ಆಗುತ್ತಿರುವಾಗ ಕೆಲವು ಬಿಪಿ ಮಾತ್ರೆ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಮೆಟ್‌ಫಾರ್ಮಿನ್ ಕೂಡ ಅಪಾಯ ತರಬಹುದು. ಅಂಥ ದಿನ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ಈ ಒಂದು ಸಾಲು ಬರೆಸಿದ್ದರೆ ಅಪ್ಪ ಕುಸಿಯುತ್ತಿರಲಿಲ್ಲವೇನೋ.

ಹಡಗಿನ ಸೌಕರ್ಯ

ಸಿಡ್ನಿಯಲ್ಲಿ ಕ್ರೂಸ್ ಹಡಗುಗಳಿಗೆ ಎರಡು ಕಡೆ ನಿಲ್ದಾಣ. ಸರ್ಕ್ಯುಲರ್ ಕೀ ಒಂದು, ವೈಟ್ ಬೇ ಇನ್ನೊಂದು. ಹಾರ್ಬರ್ ಸೇತುವೆಯ ಅಡಿಯಲ್ಲಿ ಇರುವ ಎತ್ತರ 49 ಮೀಟರ್. ಅದಕ್ಕಿಂತ ಎತ್ತರದ ಹಡಗು ವೈಟ್ ಬೇಗೆ ಹೋಗಲಾರದು. ಸರ್ಕ್ಯುಲರ್ ಕೀಗೆ ರೈಲು ಇದೆ. ವೈಟ್ ಬೇಗೆ ಟ್ಯಾಕ್ಸಿಯೇ ಗತಿ. ಮೆಲ್ಬರ್ನಿನಲ್ಲಿ ಸ್ಟೇಷನ್ ಪಿಯರ್; 109ನೇ ನಂಬರಿನ ಟ್ರಾಮ್ ಹತ್ತಿರಕ್ಕೇ ಬರುತ್ತದೆ. ಟಾಸ್ಮೇನಿಯಾದ ಫೆರಿ ಮಾತ್ರ 2022ರ ಅಕ್ಟೋಬರಿನಿಂದ ಜೀಲಾಂಗಿನಿಂದ ಹೊರಡುತ್ತದೆ. ಹಳೆಯ ಮಾಹಿತಿ ನಂಬಿ ಸ್ಟೇಷನ್ ಪಿಯರಿಗೆ ಹೋಗಬೇಡಿ.

ಸಸ್ಯಾಹಾರ, ಜೈನ ಊಟ ಬೇಕಿದ್ದರೆ ಬುಕಿಂಗ್ ಮಾಡುವಾಗಲೇ ಹೇಳಿ. ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ, ಬಾಗಿಲಲ್ಲೇ ತೆಗೆದಿಡುತ್ತಾರೆ. ಮಂಡಿನೋವಿನವರಿಗೆ ಲಿಫ್ಟಿಗೆ ಹತ್ತಿರದ, ಹಡಗಿನ ಮಧ್ಯಭಾಗದ ಕೆಳ ಮಹಡಿಯ ಕ್ಯಾಬಿನ್ ಕೇಳಿ. ಅಲ್ಲಿ ತೂಗಾಟವೂ ಕಡಿಮೆ. ಬಫೆಗೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿ ಭೇದಿ ತರುವ ನೋರೋವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಹಡಗಿನ ಆಸ್ಪತ್ರೆ ಎಲ್ಲಿದೆ ಎಂದು ಮೊದಲ ದಿನವೇ ನೋಡಿಕೊಳ್ಳಿ. ಈಜುಕೊಳ, ನಾಟಕಶಾಲೆ ಟಿಕೆಟ್ಟಿನಲ್ಲಿ ಸೇರಿದ್ದರೂ ಆಸ್ಪತ್ರೆ ಸೇರಿಲ್ಲ. ಅಲ್ಲಿ ವಿಮೆಯ ಕಾರ್ಡ್ ನಡೆಯುವುದಿಲ್ಲ ಎಂದೇ ತಿಳಿಯಿರಿ. ಬಿಲ್ಲು ಕ್ಯಾಬಿನ್ ಲೆಕ್ಕಕ್ಕೆ ಬೀಳುತ್ತದೆ. ಕಟ್ಟಿ, ಆಮೇಲೆ ವಿಮೆಯವರಿಂದ ಕೇಳಬೇಕು.

ಇಂಟರ್‌ನೆಟ್

ಒಂದು ವಾರ ಫೋನ್ ಇಲ್ಲದೆ ಇರೋಣ ಎಂದು ನಾವು ಪ್ಯಾಕೇಜ್ ಕೊಂಡಿರಲಿಲ್ಲ. ಅಪ್ಪನ ಚೀಟಿಯ ಫೋಟೋ ವಾಟ್ಸಾಪಿನ ಹಳೆಯ ಸಂದೇಶವೊಂದರಲ್ಲಿತ್ತು. ಅದನ್ನು ತೆರೆಯಲು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಪ್ಯಾಕೇಜ್ ಕೊಂಡೆವು. ಬಿಲ್ಲು ಕಟ್ಟುವಾಗ ಕಾರ್ಡಿನ ಮಿತಿ ಮುಗಿಯಿತು. ಬ್ಯಾಂಕಿನಿಂದ ಹಣ ಹಾಕೋಣವೆಂದರೆ ಒಟಿಪಿ ಬರಲಿಲ್ಲ; ನಡುಗಡಲಲ್ಲಿ ಎಸ್‌ಎಂಎಸ್ ಎಲ್ಲಿಂದ ಬರಬೇಕು?

ಹಡಗು ದಡ ಬಿಟ್ಟ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ತೆರೆಯಿರಿ. ಇಲ್ಲದಿದ್ದರೆ ಹಡಗಿನ ಉಪಗ್ರಹ ಮೊಬೈಲ್ ಜಾಲಕ್ಕೆ ಫೋನ್ ತಾನಾಗಿ ಸೇರಿ ರೋಮಿಂಗ್ ಬಿಲ್ಲು ಏರುತ್ತದೆ. ಈಗ ಎಷ್ಟೋ ಹಡಗುಗಳಲ್ಲಿ ಸ್ಟಾರ್‌ಲಿಂಕ್ ಬಂದು ವೇಗ ಚೆನ್ನಾಗಿದೆ. ಅಗ್ಗದ ಪ್ಯಾಕೇಜಿನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗದಿರಬಹುದು, ಕೇಳಿ ಕೊಳ್ಳಿ. ಯುಎಇಯಲ್ಲಿರುವ ಮನೆಯವರಿಗೆ ವಾಟ್ಸಾಪ್ ಕರೆ ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ, ಧ್ವನಿಸಂದೇಶ ಕಳಿಸಿ. ಎಲ್ಲರಿಗೂ ಬೇಡ, ಮನೆಗೊಂದು ಪ್ಯಾಕೇಜ್ ಸಾಕು. ಬ್ಯಾಂಕಿನ ಒಟಿಪಿ ಆ್ಯಪ್‌ನಲ್ಲೂ ಬರುವ ವ್ಯವಸ್ಥೆ ಇದೆಯೇ ಎಂದು ಮೊದಲೇ ನೋಡಿ. ಪಾಲಿಸಿ, ಚೀಟಿ, ಪಾಸ್‌ಪೋರ್ಟ್ ಫೋನಿನೊಳಗೇ ಉಳಿಸಿಕೊಳ್ಳಿ, ಒಂದೊಂದು ಪ್ರತಿ ಕಾಗದದಲ್ಲೂ ಇರಲಿ.

ಕೊನೆಯದಾಗಿ ಒಂದು ಸಲಹೆ. ನಮ್ಮ ಸಂಘದಲ್ಲಿ ರಾಜ್ಯೋತ್ಸವ ಮಾಡುತ್ತೇವೆ, ರಕ್ತದಾನ ಶಿಬಿರ ಮಾಡುತ್ತೇವೆ. ಬೇಸಿಗೆ ರಜೆಗೆ ಮೊದಲು ಒಂದು ಸಂಜೆ ಕೂತು ಎಲ್ಲರೂ ತಮ್ಮ ತಮ್ಮ ಪಾಲಿಸಿ ತಂದು ಓದೋಣ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಉಳಿದವರಿಗೆ ಕನ್ನಡದಲ್ಲಿ ಹೇಳಲಿ. ಔಷಧಿಯ ಪಟ್ಟಿ ಬರೆದುಕೊಡಲು ನಾವು ಬರುತ್ತೇವೆ.

ಆ ಬಿಲ್ಲು ತೀರಿಸಲು ನಮಗೆ ಏಳು ತಿಂಗಳು ಹಿಡಿಯಿತು. ಅಪ್ಪನಿಗೆ ಅದು ಇವತ್ತಿಗೂ ಗೊತ್ತಿಲ್ಲ. ಫೋನ್ ಮಾಡಿದಾಗಲೆಲ್ಲ, "ಆ ಹೋಬಾರ್ಟ್ ನೋಡಲಿಕ್ಕೆ ಆಗಲಿಲ್ಲವಲ್ಲ, ಇನ್ನೊಮ್ಮೆ ಹೋಗುವನಾ?" ಎಂದು ಕೇಳುತ್ತಾರೆ. ಹೋಗುವ ಅಪ್ಪ, ಎನ್ನುತ್ತೇವೆ. ಈ ಸಲ ಕಾಗದ ಓದಿಯೇ ಹೋಗುತ್ತೇವೆ.